ಸಣ್ಣ ಶಾಲೆ ಮತ್ತು ನಮ್ಮ ತಪ್ಪು ತಕ್ಕಡಿ

ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕಡಿಮೆ, ಆದ್ದರಿಂದ ಅದು ಕಳಪೆ ಎಂದು ತೀರ್ಪು ನೀಡುತ್ತೇವೆ. ಇದೆಂಥ ಅಳತೆ? ಅಳತೆಯಲ್ಲಿ ವಂಚಿಸುವವರಿಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯವು ಕಠಿಣ ಎಚ್ಚರಿಕೆ ನೀಡಿದೆ. ಅದು ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವೇ?

ಟೈ, ಬಸ್ಸು, ನಾಮಫಲಕಗಳು ಗುಣಮಟ್ಟವಲ್ಲ. ಏಳನೆಯ ತರಗತಿಯ ಮಗು ಪಾಠವನ್ನು ಓದಿ ಅರ್ಥ ಹೇಳಬಲ್ಲದೇ? ಭಿನ್ನರಾಶಿಯ ಲೆಕ್ಕ ಬಿಡಿಸಬಲ್ಲದೇ? ಗಣಿತ-ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗಳಿಗೆ ಶಿಕ್ಷಕರಿದ್ದಾರೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 8ನೇ ತರಗತಿಗಳಿಗೆ ಈ ಶಿಕ್ಷಕರನ್ನು ಕಡ್ಡಾಯಗೊಳಿಸಿದೆ. ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನಗಳನ್ನು ಪೋಷಕರಿಗೇ ಕೊಟ್ಟಿದೆ.

ಆ ಸಭೆಗೆ ಒಮ್ಮೆಯೂ ಹೋಗದವರಿಗೆ ಶಾಲೆಯನ್ನು ಹಳಿಯುವ ಹಕ್ಕೆಲ್ಲಿದೆ? ಶಿಕ್ಷಕರಿಲ್ಲದಿದ್ದರೆ ಒತ್ತಾಯಿಸಿ ಕೇಳೋಣ, ಇದ್ದರೆ ಬೆಂಬಲಿಸೋಣ. ಬಡವನ ಮಗುವಿನ ಶಾಲೆಯ ಬಗ್ಗೆ ನೋಡದೆ ನುಡಿದ ಮಾತಿಗೂ ಅಲ್ಲಾಹನ ಮುಂದೆ ಲೆಕ್ಕವಿದೆ.