ಬಣ್ಣದ ಮೀನಿಗೆ ಯಾವ ಡ್ರಮ್ಮು?

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಹೋಂಸ್ಟೇ ಅಂಗಳದಲ್ಲಿ, ಹೊಸ ಮನೆಗಳ ಮುಂದೆ ಕೋಯಿ ಮೀನಿನ ತೊಟ್ಟಿ ಕಾಣಿಸುತ್ತಿದೆ. ಕೆಂಪು, ಬಿಳಿ, ಕಪ್ಪು ಪಟ್ಟೆಯ ಈ ಮೀನಿಗೆ ಗಿರಾಕಿ ಇದ್ದಾರೆಂದು ಕೆಲವು ಹುಡುಗರು ಸಾಕಲೂ ಹೊರಟಿದ್ದಾರೆ. ಒಳ್ಳೆಯದೇ. ಆದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಕಡಿಮೆ ಬೆಲೆಗೆ ಒಳ್ಳೆ ಡ್ರಮ್ ಫಿಲ್ಟರ್ ಯಾವುದು?’ ಅಂತ. ಈ ಪ್ರಶ್ನೆ ಕೊನೆಗೆ ಬರಬೇಕಾದ್ದು ಮೊದಲು ಬಂದಿದೆ ಅನ್ನೋದು ನನ್ನ ಅಭಿಪ್ರಾಯ.

ನಾನು ಅರಳಸುರಳಿಯ ಖುಷ್ಕಿ ರೈತ. ಮಲೆನಾಡಲ್ಲಿ ಖುಷ್ಕಿ ಅಂದ್ರೆ ಕೆಲವರು ನಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಮಡಚಲು ಬಿಡದ ಊರಲ್ಲಿ ಎಂಥ ಖುಷ್ಕಿ? ನಮ್ಮ ಮಕ್ಕಿಗದ್ದೆ, ಹಕ್ಕಲಿಗೆ ಬಂದು ಏಪ್ರಿಲ್‌ನಲ್ಲಿ ಬಾವಿಗೆ ಇಣುಕಿದರೆ ಗೊತ್ತಾಗುತ್ತೆ. ಮಳೆ ನೀರು ಹಿಡಿದ ಒಂದು ಹೊಂಡ, ಮನೆ ಹಿಂದೆ ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ - ಇಷ್ಟರಲ್ಲೇ ನನ್ನ ಮೀನು. ಹಾಗಾಗಿ ನೀರು, ಕರೆಂಟು, ಕಾಸು ಮೂರನ್ನೂ ಲೆಕ್ಕ ಹಾಕಿ ಬದುಕುವವರ ದೃಷ್ಟಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅದು ಮಾಡುವ ಕೆಲಸ

ನಮ್ಮೂರಲ್ಲಿ ಡ್ರಮ್ಮು ಅಂದ್ರೆ ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಪೀಪಾಯಿ. ಈ ಡ್ರಮ್ ಫಿಲ್ಟರ್ ಬೇರೆ. ಸುತ್ತಲೂ ನಯವಾದ ಸ್ಟೀಲ್ ಜರಡಿ ಹೊದಿಸಿದ ಉರುಳೆ ಅದು. ತೊಟ್ಟಿಯ ನೀರು ಉರುಳೆಯ ಒಳಗೆ ಬಂದು ಜರಡಿ ದಾಟಿ ಹೊರಗೆ ಹೋಗುತ್ತೆ. ಹಿಕ್ಕೆ, ಉಳಿದ ತಿಂಡಿ, ಪಾಚಿ ಚೂರು ಒಳಗೇ ನಿಲ್ಲುತ್ತೆ. ಜರಡಿ ಕಟ್ಟಿಕೊಂಡಾಗ ನೀರಿನ ಮಟ್ಟ ಬದಲಾಗುತ್ತೆ. ಅದನ್ನು ತಿಳಿದು ಮೋಟಾರು ಉರುಳೆಯನ್ನು ತಿರುಗಿಸುತ್ತೆ, ಮೇಲಿಂದ ರಭಸದ ನೀರು ಚಿಮ್ಮಿ ಕಸವನ್ನೆಲ್ಲ ಒಳಗಿನ ದೋಣಿಗೆ ಬೀಳಿಸಿ ಹೊರಗೆ ಕಳಿಸುತ್ತೆ. ಕೋಯಿ ಸಾಕುವವರು ಸಾಮಾನ್ಯವಾಗಿ 60-70 ಮೈಕ್ರಾನ್ ಜರಡಿ ಬಳಸುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲೇ ಮೈಕ್ರಾನ್. 70 ಅಂದ್ರೆ ಹೆಚ್ಚುಕಡಿಮೆ ತಲೆಕೂದಲಿನ ದಪ್ಪ.

ಒಳ್ಳೆ ಯಂತ್ರ, ಅನುಮಾನ ಇಲ್ಲ. ಆದರೆ ಅದರ ಬೆಲೆಯಲ್ಲಿ ಬಹುಪಾಲು ಹೋಗುವುದು ತನ್ನನ್ನು ತಾನೇ ತೊಳೆದುಕೊಳ್ಳುವ ಸೌಕರ್ಯಕ್ಕೆ. ಬೆಂಗಳೂರಲ್ಲಿ ಇದ್ದು ವಾರಕ್ಕೊಮ್ಮೆ ಊರಿಗೆ ಬರುವವರಿಗೆ ಅದು ಬೇಕು. ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಹೋಗಲೇಬೇಕಾದ ನಮಗೆ ಹತ್ತು ನಿಮಿಷ ಉಳಿಸಲು ಹತ್ತಾರು ಸಾವಿರ ಕೊಡುವುದು ಎಷ್ಟು ಸರಿ?

ಅದು ಮಾಡದ ಕೆಲಸ

ನೀರು ತಿಳಿಯಾಗಿದ್ದರೆ ಶುದ್ಧ ಅಂತ ನಾವು ತಿಳಿಯುತ್ತೇವೆ. ಮೀನಿನ ವಿಷಯದಲ್ಲಿ ಇದೇ ಮೋಸ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತೆ. ಅದು ನೀರಲ್ಲಿ ಕರಗಿರುತ್ತೆ, ಯಾವ ಜರಡಿಗೂ ಸಿಗೋದಿಲ್ಲ. ಒಂದು ಕಿಲೋ ತಿಂಡಿ ಹಾಕಿದರೆ ಸುಮಾರು 30 ಗ್ರಾಂ ಅಮೋನಿಯಾ ನೀರಿಗೆ ಸೇರುತ್ತೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುವುದು ಬ್ಯಾಕ್ಟೀರಿಯಾ. ಅವಕ್ಕೆ ಅಂಟಿಕೊಳ್ಳಲು ಜಾಗ ಬೇಕು, ಗಾಳಿ ಬೇಕು, ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಡ್ರಮ್ ಫಿಲ್ಟರ್ ಕೊಂಡರೂ ಇದನ್ನು ಬೇರೆಯೇ ಮಾಡಿಕೊಳ್ಳಬೇಕು. ಮಾರುವವರು ಈ ಮಾತನ್ನು ಮೆತ್ತಗೆ ಹೇಳುತ್ತಾರೆ, ಕೆಲವರು ಹೇಳುವುದೇ ಇಲ್ಲ. ‘ಇದೊಂದಿದ್ರೆ ಸಾಕು’ ಅಂತ ಒಬ್ಬರು ನನಗೂ ಹೇಳಿದ್ದರು.

ನಮ್ಮ ಸೀಮೆಗೇ ಸೇರಿದ ಇನ್ನೆರಡು ಸಂಗತಿ ಇದೆ.

ಒಂದು, ನಮ್ಮದು ಮೆದು ನೀರು. ಮಳೆ ನೀರಲ್ಲಂತೂ ಸುಣ್ಣದ ಅಂಶ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ 1 ಗ್ರಾಂ ಅಮೋನಿಯಾ ಮುಗಿಸಲು ಸುಮಾರು 7 ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ತಿಂದುಹಾಕುತ್ತೆ. ಅದು ಖಾಲಿಯಾದರೆ ನೀರು ಹುಳಿಯಾಗಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತೆ. ಸಮುದ್ರದ ಚಿಪ್ಪನ್ನು ತೊಳೆದು ಬಲೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವಲ್ಲಿ ಇಳಿಬಿಟ್ಟರೆ ಸಾಕು, ನಿಧಾನಕ್ಕೆ ಕರಗುತ್ತೆ. ಸುಟ್ಟ ಸುಣ್ಣ ಮಾತ್ರ ಹಾಕಬಾರದು. ನೀರಿನ ಕ್ಷಾರ ಒಮ್ಮೆಲೇ ಏರಿದರೆ ಇದ್ದ ಅಮೋನಿಯಾ ಇನ್ನೂ ವಿಷವಾಗುತ್ತೆ.

ಎರಡು, ಕೊಳೆ ಔಷಧಿ. ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವುದು ತಾಮ್ರ. ಮೆದು ನೀರಿನಲ್ಲಿ ತಾಮ್ರ ಮೀನಿಗೆ ಬಹಳ ಕೆಟ್ಟದ್ದು. ತೋಟದ ಅಂಚಿನಲ್ಲಿ ತೊಟ್ಟಿ ಇದ್ದರೆ ಔಷಧಿ ಹೊಡೆಯುವ ದಿನ ಟಾರ್ಪಾಲು ಮುಚ್ಚಬೇಕು. ಮರದಿಂದ ತೊಳೆದು ಬರುವ ಮಳೆ ನೀರು ಒಳಗೆ ಇಳಿಯದಂತೆ ಬದು ಮಾಡಬೇಕು. ಲಕ್ಷದ ಫಿಲ್ಟರ್ ಇದ್ದರೂ ಇದರಿಂದ ಕಾಪಾಡೋದಿಲ್ಲ.

ಸಾಕುವ ನೀರು, ತೋರಿಸುವ ನೀರು

ಕೋಯಿ ಅಂದ್ರೆ ದೇವಲೋಕದ ಮೀನೇನಲ್ಲ, ನಮಗೆ ಗೊತ್ತಿರುವ ಸಾಮಾನ್ಯ ಗೆಂಡೆಯ ಬಣ್ಣದ ತಳಿ. ಜಪಾನಿನ ನಿಗಾಟದ ಗುಡ್ಡಗಾಡಿನಲ್ಲಿ ಭತ್ತ ಬೆಳೆಯುವ ರೈತರು ಊಟಕ್ಕೆಂದು ಗೆಂಡೆ ಸಾಕುತ್ತಿದ್ದರು. ಅದರಲ್ಲಿ ಬಣ್ಣ ಬಂದದ್ದನ್ನು ಆರಿಸಿ 19ನೇ ಶತಮಾನದಲ್ಲಿ ಈ ತಳಿ ಮಾಡಿದರು. 1914ರಲ್ಲಿ ಟೋಕಿಯೋದ ವಸ್ತುಪ್ರದರ್ಶನಕ್ಕೆ ತಂದ ಮೇಲೆ ಹೊರಗಿನವರಿಗೆ ಗೊತ್ತಾಯ್ತು. ಇವತ್ತಿಗೂ ಅಲ್ಲಿ ಬೇಸಿಗೆಯಲ್ಲಿ ಮೀನು ಬೆಳೆಸುವುದು ಗುಡ್ಡದ ಮಣ್ಣಿನ ಹೊಂಡದಲ್ಲೇ.

ಇದರಿಂದ ನಾವು ಕಲಿಯಬೇಕಾದ್ದಿದೆ. ಮೀನು ಬೆಳೆಯಲು ತಿಳಿನೀರು ಬೇಡ. ವಿರಳವಾಗಿ ಬಿಟ್ಟರೆ ಮಣ್ಣಿನ ಹೊಂಡವೇ ಗಸಿಯನ್ನು ಅರಗಿಸಿಕೊಳ್ಳುತ್ತೆ. ಶೃಂಗೇರಿಯ ಮೆಟ್ಟಿಲ ಬುಡದಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಅಷ್ಟೊಂದು ಮೀನು ಒತ್ತಾಗಿ ಇರುವುದು ತುಂಗೆ ಹರಿಯುತ್ತಾ ಕೊಳೆಯನ್ನು ಕೊಂಡೊಯ್ಯುವುದರಿಂದ. ನಿಂತ ನೀರಲ್ಲಿ ಒತ್ತಾಗಿ ತುಂಬಿ, ಅದೂ ತಳ ಕಾಣುವಂತೆ ಇರಬೇಕು ಅಂದಾಗ ಫಿಲ್ಟರಿನ ಖರ್ಚು ಶುರು.

ಹಾಗಾಗಿ ಸಾಕುವುದನ್ನು ಹೊಂಡದಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತುಂಬಿದ ಹೊಂಡಕ್ಕೆ ಮರಿ ಬಿಟ್ಟು, ನೀರು ಇಳಿಯುವ ಹೊತ್ತಿಗೆ ಆರಿಸಿ, ಮಾರುವಷ್ಟನ್ನು ಮಾತ್ರ ತೊಟ್ಟಿಗೆ ತನ್ನಿ. ಗಿರಾಕಿಗೆ ತೋರಿಸಲು ಬೇಕಾದ್ದು ಒಂದು ಸಣ್ಣ ತಿಳಿನೀರ ತೊಟ್ಟಿ. ಅಷ್ಟಕ್ಕೆ ಮಾತ್ರ ಫಿಲ್ಟರಿನ ಲೆಕ್ಕ ಹಾಕಿ. ಹೊಂಡದ ಮೇಲೆ ಹಕ್ಕಿ ಬಲೆ ಕಟ್ಟಿ, ಹೆಚ್ಚಿನ ನೀರು ಹೋಗುವ ದಾರಿಗೂ ಬಲೆ ಹಾಕಿ. ಈ ಹೊರಗಿನ ಮೀನು ಹಳ್ಳಕ್ಕೆ ಇಳಿದು ತುಂಗೆ ಸೇರಬಾರದು.

ನೀಲಿ ಡ್ರಮ್ಮಿನ ಲೆಕ್ಕ

ಹತ್ತು ಸಾವಿರ ಲೀಟರಿನ ತೊಟ್ಟಿ, ಕಾಲು ಕಿಲೋದ ಇಪ್ಪತ್ತು ಮೀನು, ದಿನಕ್ಕೆ ನೂರು ಗ್ರಾಂ ತಿಂಡಿ. ಇಷ್ಟಕ್ಕೆ ಮೂರು ನೀಲಿ ಡ್ರಮ್ಮು ಸಾಕು. ತೊಟ್ಟಿಯ ಪಕ್ಕ ಬಾಯಿ ಮಟ್ಟ ಸಮ ಬರುವಂತೆ ಕೂರಿಸಬೇಕು. ನಮ್ಮದು ಮೆಟ್ಟಿಲು ಮೆಟ್ಟಿಲಿನ ಜಾಗವಾದ್ದರಿಂದ ಕೆಳಗಿನ ಹಂತದಲ್ಲಿ ಕೂರಿಸುವುದು ಸುಲಭ. ಔಷಧಿ, ಆಸಿಡ್ ತುಂಬಿದ್ದ ಡ್ರಮ್ಮು ಬೇಡ.

ತೊಟ್ಟಿಯ ತಳದಿಂದ ದಪ್ಪ ಪೈಪಿನಲ್ಲಿ ನೀರು ತಾನಾಗಿ ಮೊದಲ ಡ್ರಮ್ಮಿಗೆ ಬರಲಿ. ಪೈಪಿನ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿದರೆ ನೀರು ನಿಧಾನಕ್ಕೆ ಸುತ್ತಿ ಗಸಿ ತಳಕ್ಕೆ ಕೂರುತ್ತೆ. ಗಂಟೆಗೆ 3,000 ಲೀಟರ್ ಓಡಿಸಿದರೆ ಅದರಲ್ಲಿ ನೀರು ನಾಲ್ಕು ನಿಮಿಷ ನಿಲ್ಲುತ್ತೆ. ತಳಕ್ಕೆ ಎರಡು ಇಂಚಿನ ವಾಲ್ವು ಇರಲಿ. ಎರಡನೆಯದಕ್ಕೆ ಹಳೇ ಶೇಡ್‌ನೆಟ್ ಚೂರು, ನೈಲಾನ್ ಬಲೆ. ಮೂರನೆಯದಕ್ಕೆ ಬ್ಯಾಕ್ಟೀರಿಯಾಕ್ಕೆಂದು ಬಾಟಲಿ ಮುಚ್ಚಳ, ತುಂಡು ಮಾಡಿದ ಪೈಪು, ಜೊತೆಗೆ ಗಾಳಿ ಪಂಪು, ಚಿಪ್ಪಿನ ಚೀಲ. ಜಲ್ಲಿ ಹಾಕಿದರೆ ಬೇಗ ಕಟ್ಟಿಕೊಳ್ಳುತ್ತೆ. ನೀರೆತ್ತುವ ಪಂಪು ಕೊನೆಯ ಡ್ರಮ್ಮಿನಲ್ಲೇ ಇರಬೇಕು. ಮೊದಲೇ ಇಟ್ಟರೆ ಹಿಕ್ಕೆಯನ್ನೆಲ್ಲ ಅರೆದು ಪುಡಿ ಮಾಡುತ್ತೆ. ಮೂರನೇ ಡ್ರಮ್ಮನ್ನು ತೊಳೆಯುವಾಗ ತೊಟ್ಟಿಯ ನೀರಲ್ಲೇ ತೊಳೆಯಿರಿ, ಬ್ಲೀಚಿಂಗ್ ಹಾಕಿದ ನಲ್ಲಿ ನೀರಲ್ಲಿ ಬೇಡ.

ಬೆಳಿಗ್ಗೆ ವಾಲ್ವು ತೆಗೆದು ಗಸಿ ಹೋಗುವವರೆಗೆ ಬಿಡಿ. ಆ ನೀರು ಬಸಳೆಗೆ, ಕಾಳುಮೆಣಸಿನ ಬುಡಕ್ಕೆ. ಚೊಕ್ಕಟ ಗೊಬ್ಬರದ ನೀರು.

ಕರೆಂಟಿನ ಲೆಕ್ಕವನ್ನೂ ಮರೆಯಬೇಡಿ. 80 ವ್ಯಾಟಿನ ಪಂಪು ದಿನವಿಡೀ ಓಡಿದರೆ ಸುಮಾರು 2 ಯೂನಿಟ್, ತಿಂಗಳಿಗೆ 58. ಅದೇ 250 ವ್ಯಾಟಾದರೆ ತಿಂಗಳಿಗೆ 180. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ನಿಗದಿಯಾದದ್ದು ಪ್ರತಿ ಮನೆಯ ಹಿಂದಿನ ಬಳಕೆಯ ಸರಾಸರಿ ನೋಡಿ. ಇನ್ನೂರರ ಒಳಗಿದ್ದರೆ ಎಲ್ಲವೂ ಪುಕ್ಕಟೆ ಅಂದುಕೊಂಡವರಿಗೆ ಬಿಲ್ಲು ಬಂದಾಗ ಗೊತ್ತಾಗುತ್ತೆ. ಇನ್ನು ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದು ಒಂದಿಡೀ ದಿನ ಕರೆಂಟ್ ಇಲ್ಲದಿದ್ದರೆ, ಬಂದ ಕೂಡಲೇ ಪಂಪು ಹಾಕಬೇಡಿ. ಡ್ರಮ್ಮಿನೊಳಗೆ ಕೊಳೆತ ನೀರನ್ನು ಮೊದಲು ಹೊರಗೆ ಬಿಡಿ. ಅಷ್ಟು ಹೊತ್ತು ಮೀನಿಗೆ ಬ್ಯಾಟರಿಯ ಸಣ್ಣ ಗಾಳಿ ಪಂಪು ಇರಲಿ, ತಿಂಡಿ ಬೇಡ.

ಕೊಳ್ಳಲೇಬೇಕಾದವರು

ನಾಲ್ಕಾರು ತೊಟ್ಟಿ ಮಾಡಿ ದಿನಕ್ಕೆ ಒಂದು ಕಿಲೋ ತಿಂಡಿ ಹಾಕುವ ಮಟ್ಟಕ್ಕೆ ಬಂದರೆ ಕೈಯಲ್ಲಿ ತೊಳೆಯುವುದು ರಗಳೆ. ಆಗ ಡ್ರಮ್ ಫಿಲ್ಟರ್ ತನ್ನ ಕೂಲಿ ತಾನೇ ದುಡಿಯುತ್ತೆ. ಅಂಥವರು ಬೆಲೆಗಿಂತ ಮೊದಲು ಇವನ್ನು ಕೇಳಿ:

‘ಇಷ್ಟು ಸಾವಿರ ಲೀಟರಿನ ಕೊಳಕ್ಕೆ’ ಅನ್ನುವ ಮಾತು ಬೇಡ. ಯಾವ ಮೈಕ್ರಾನ್ ಜರಡಿಯಲ್ಲಿ, ಗಂಟೆಗೆ ಎಷ್ಟು ಲೀಟರ್ ದಾಟುತ್ತೆ? ನಿಮಗೆ ಬೇಕಾದ್ದಕ್ಕಿಂತ ಒಂದೂವರೆ ಪಾಲು ಇರಲಿ.

ಒಮ್ಮೆ ತೊಳೆಯಲು ಎಷ್ಟು ನೀರು? 10 ಲೀಟರಿನಂತೆ ದಿನಕ್ಕೆ ಇಪ್ಪತ್ತು ಸಲ ಅಂದ್ರೆ ಇನ್ನೂರು ಲೀಟರ್, ಒಂದು ನೀಲಿ ಡ್ರಮ್ಮು. ಏಪ್ರಿಲ್‌ನಲ್ಲಿ ನಿಮ್ಮ ಬಾವಿ ಇಷ್ಟನ್ನು ಕೊಡುತ್ತಾ? ಜರಡಿ ನಯವಾದಷ್ಟೂ ಈ ಲೆಕ್ಕ ಏರುತ್ತೆ.

ಜರಡಿ ಹರಿದರೆ ಅದಷ್ಟೇ ಸಿಗುತ್ತಾ, ಇಡೀ ಉರುಳೆ ಕೊಳ್ಳಬೇಕಾ? ಅಂಚಿನ ರಬ್ಬರ್ ಸವೆದರೆ ಕಸ ಪಕ್ಕದಿಂದ ನುಸುಳುತ್ತೆ, ಆ ರಬ್ಬರ್ ಸಿಗುತ್ತಾ?

ಮೋಟಾರು, ಬೋರ್ಡು ಕೆಟ್ಟರೆ ತೀರ್ಥಹಳ್ಳಿಯಲ್ಲಿ ರಿಪೇರಿ ಆಗುತ್ತಾ? ನಮ್ಮ ಏಪ್ರಿಲ್-ಮೇ ಸಿಡಿಲು, ಜುಲೈ ತಿಂಗಳ ತಂಡಿಗೆ ಮೊದಲು ಹೋಗೋದೇ ಆ ಬೋರ್ಡು. ಬೋರ್ಡು ಹೋದ ದಿನ ಕೈಯಲ್ಲಿ ತಿರುಗಿಸಿ ತೊಳೆಯಲು ಬರುವಂಥದ್ದನ್ನೇ ಆರಿಸಿ.

ಗ್ಯಾರೇಜಿನ ಕೆಲಸ ಬಲ್ಲವರು ಪ್ಲಾಸ್ಟಿಕ್ ಡ್ರಮ್ಮಿಗೆ ಕಿಟಕಿ ಕೊಯ್ದು, 200 ಮೆಶ್ ಸ್ಟೀಲ್ ಜರಡಿ ಹೊದಿಸಿ, ಕಾರಿನ ವೈಪರ್ ಮೋಟಾರು ಕೂರಿಸಿ ತಾವೇ ಮಾಡಿಕೊಳ್ಳುವುದೂ ಇದೆ. 200 ಮೆಶ್ ಅಂದ್ರೆ ಸುಮಾರು 75 ಮೈಕ್ರಾನ್. ನೀರು ಸೋರದಂತೆ ಅಂಚು ಕೂರಿಸುವುದೇ ಅದರಲ್ಲಿ ಕಷ್ಟದ ಕೆಲಸ. ಯಾವುದೇ ಆದರೂ ಅದಕ್ಕೆ ಮುಂಚೆ ದರಗು, ಸಿಂಗಾರದ ಹೂ ತಡೆಯಲು ಒಂದು ಒರಟು ಬುಟ್ಟಿ ಇರಲಿ.

ಸಾಲದ ಮಾತು

2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ, ನೀರನ್ನು ಮತ್ತೆ ಮತ್ತೆ ಶುದ್ಧ ಮಾಡಿ ಬಳಸುವ ಹಿತ್ತಲಿನ ಸಣ್ಣ ಘಟಕವೊಂದಕ್ಕೆ ನಿಗದಿ ಮಾಡಿದ ಒಟ್ಟು ಖರ್ಚು 50,000 ರೂಪಾಯಿ. ಅದರಲ್ಲಿ ಸಾಮಾನ್ಯರಿಗೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60 ಸಹಾಯಧನ. ತೊಟ್ಟಿ, ಪಂಪು, ಪೈಪು ಎಲ್ಲ ಸೇರಿದ ಅಂದಾಜು ಇದು. ಡ್ರಮ್ ಫಿಲ್ಟರಿನ ಬೆಲೆ ಕೇಳಿ ನೋಡಿ, ಅದೊಂದೇ ಈ ಮೊತ್ತವನ್ನು ಮುಟ್ಟುವುದುಂಟು, ದಾಟುವುದೂ ಉಂಟು. ಮೀನಿಗಿಂತ ಮೊದಲು ಯಂತ್ರ ಬಂದು ಕೂತರೆ, ಮೀನು ಸತ್ತರೂ ಕಂತು ಸಾಯೋದಿಲ್ಲ. ಇದನ್ನು ಹುಡುಗರಿಗೆ ಹೇಳುವವರು ಬೇಕು.

ಮೊದಲ ವರ್ಷ ನೀಲಿ ಡ್ರಮ್ಮಿನಲ್ಲೇ ಹತ್ತಿಪ್ಪತ್ತು ಮೀನು ಸಾಕಿ. ಅಮೋನಿಯಾ ಅಳೆಯುವ ಸಣ್ಣ ಕಿಟ್ ಒಂದು ತಂದು ವಾರಕ್ಕೊಮ್ಮೆ ನೀರು ನೋಡಿ, ಪುಸ್ತಕದಲ್ಲಿ ಬರೆದಿಡಿ. ತಿಂಡಿ ಎಷ್ಟು, ಮಾರಿದ್ದೆಷ್ಟು ಅದನ್ನೂ ಬರೆಯಿರಿ. ವರ್ಷದ ಕೊನೆಗೆ ಆ ಪುಸ್ತಕದಲ್ಲಿ ಫಿಲ್ಟರಿನ ದುಡ್ಡು ಕಂಡರೆ ಧಾರಾಳವಾಗಿ ಕೊಳ್ಳಿ.