ಹೊಲಕ್ಕೆ ಹೊಡೆಯೋ ‘ಎಣ್ಣಿ’ ನಾಯಿಗೆ ಔಷಧಿ ಅಲ್ಲ

ನಮ್ಮ ಮನೆಯ ನಾಯಿ ಕೆಂಚ ಸತ್ತು ಒಂದು ವರ್ಷ ಆಯಿತು. ವಯಸ್ಸಾಗಿ ಸಾಯಲಿಲ್ಲ, ಲಾರಿಗೆ ಸಿಕ್ಕೂ ಸಾಯಲಿಲ್ಲ. ಅದರ ಮೈಮೇಲಿನ ಚಿಗಟ ಕಳೆಯಲು ಹೋಗಿ ನಾವೇ ಸಾಯಿಸಿದೆವು.

ಮಳೆ ಹಿಡಿದಿದ್ದ ದಿನಗಳು. ಕೆಂಚ ಹಗಲೂ ರಾತ್ರಿ ಕೆರೆದುಕೊಳ್ಳುತ್ತಿತ್ತು. ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಹತ್ತಿಗೆ ಹೊಡೆದು ಉಳಿದ ಔಷಧಿ ಕೊಟ್ಟಿಗೆಯ ಗೂಡಿನಲ್ಲಿತ್ತು. “ಒಂದು ಮುಚ್ಚಳ ನೀರಾಗ ಹಾಕಿ ಮೈ ತೊಳೀರಿ, ಒಂದೂ ಉಳಿಯಂಗಿಲ್ಲ” ಅಂದರು ಮನೆಗೆ ಬಂದಿದ್ದ ಹಿರಿಯರೊಬ್ಬರು. ಅಣ್ಣ ಬಕೆಟ್ಟಿನಲ್ಲಿ ಕಲಸಿದ. ನಾನು ನಾಯಿಯನ್ನು ಹಿಡಿದುಕೊಂಡೆ. ಪೇಪರಿಗೆ ಸುದ್ದಿ ಬರೆಯುವ ನಾನೂ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಓದಲಿಲ್ಲ.

ಹಿರಿಯರ ಮಾತು ಸುಳ್ಳಾಗಲಿಲ್ಲ. ಚಿಗಟ ಉದುರಿದವು. ಆದರೆ ಅರ್ಧ ತಾಸಿಗೆ ಕೆಂಚನ ಬಾಯಿಂದ ಜೊಲ್ಲು ಸುರಿಯತೊಡಗಿತು. ಕಣ್ಣಲ್ಲಿ ನೀರು, ಕಾಲಲ್ಲಿ ನಡುಕ. ರಾತ್ರಿ ಊಟದ ಹೊತ್ತಿಗೆ ಜೀವ ಹೋಗಿತ್ತು. ಈ ನಡುವೆ ಅಣ್ಣನ ಮಗಳು ಆ ಒದ್ದೆ ನಾಯಿಯನ್ನು ತಬ್ಬಿಕೊಂಡು ಕೂತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯ, ನಮ್ಮ ಬುದ್ಧಿವಂತಿಕೆ ಅಲ್ಲ.

ಮರುದಿನ ಡಬ್ಬಿ ಹಿಡಿದುಕೊಂಡು ಪಶುವೈದ್ಯರ ಹತ್ತಿರ ಹೋದೆ. ಅವರು ಬೈಯಲಿಲ್ಲ. “ಇದು ನರಕ್ಕೆ ಹೊಡಿಯೋ ವಿಷ. ಹುಳದ ನರಕ್ಕ ಏನು ಮಾಡ್ತದೋ ನಾಯಿ ನರಕ್ಕೂ ಅದನ್ನೇ ಮಾಡ್ತದ, ಮನುಷ್ಯಾರ ನರಕ್ಕೂ ಅದನ್ನೇ” ಅಂದರು. ಅಷ್ಟೇ ಮಾತು. ಅದನ್ನು ಒಂದು ದಿನ ಮೊದಲು ಕೇಳಿದ್ದರೆ ನಾಯಿ ಉಳಿಯುತ್ತಿತ್ತು.

ತಪ್ಪು ಶುರುವಾಗುವುದು ಹೆಸರಿನಲ್ಲಿ

ಇದು ನಮ್ಮ ಒಂದು ಮನೆಯ ಕಥೆ ಅಲ್ಲ. ಬರೆಯುವ ಮುಂಚೆ ಪರಿಚಯದ ನಾಲ್ಕು ಜನರನ್ನು ಕೇಳಿದೆ. ಮೂವರು “ನಾವೂ ಹಂಗಾ ಮಾಡ್ತೀವಿ” ಅಂದರು. ಯಾರೂ ಕ್ರೂರಿಗಳಲ್ಲ. ನಾಯಿಯ ಕಷ್ಟ ನೋಡಲಾಗದೆ ಮಾಡುವವರೇ. ಸಿರವಾರ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ನೀರಿಲ್ಲದ ಕಡೆ ಹತ್ತಿ, ದೇವದುರ್ಗದ ಕಡೆ ಹತ್ತಿಯ ಜೊತೆ ಮೆಣಸಿನಕಾಯಿ. ಮೂರೂ ಸಿಂಪಡಣೆ ಬೇಡುವ ಬೆಳೆಗಳು. ಹೀಗಾಗಿ ನಾಯಿಯ ಔಷಧಿ ಇಲ್ಲದ ಮನೆಯಲ್ಲೂ ಹೊಲದ ವಿಷ ಇರುತ್ತದೆ.

ಅದಕ್ಕೆ ನಾವು ಇಟ್ಟಿರುವ ಹೆಸರು ನೋಡಿ. ‘ಎಣ್ಣಿ’ ಅನ್ನುತ್ತೇವೆ, ಇಲ್ಲವೇ ‘ಔಷಧಿ’ ಅನ್ನುತ್ತೇವೆ. ಜ್ವರದ ಮಾತ್ರೆಗೂ ಔಷಧಿ, ಹತ್ತಿ ಹುಳ ಕೊಲ್ಲುವ ವಿಷಕ್ಕೂ ಔಷಧಿ. ಹೆಸರು ಹಾಗಿದ್ದ ಮೇಲೆ ಕೈ ಅದರ ಕಡೆಗೇ ಹೋಗುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಇದೇ ‘ಔಷಧಿ’ ಹೊಡೆಯುತ್ತಾ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಅವರು ಕುಡಿದಿರಲಿಲ್ಲ. ಉಸಿರಿನಲ್ಲಿ, ಚರ್ಮದ ಮೂಲಕ ಒಳಗೆ ಹೋಗಿತ್ತು. ಆಳು ಮನುಷ್ಯನಿಗೇ ಹಾಗಾದರೆ, ಮೈಗೆಲ್ಲ ಹಚ್ಚಿಸಿಕೊಂಡು ಆಮೇಲೆ ಮೈ ನೆಕ್ಕಿಕೊಳ್ಳುವ ನಾಯಿಯ ಗತಿ ಏನು?

ನುವಾನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಡೈಕ್ಲೋರ್ವಾಸ್ ಅನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಹಳೆಯ ಬಾಟಲಿ ಇನ್ನೂ ಮನೆಯಲ್ಲಿದ್ದರೆ ಅದನ್ನು ನಾಯಿಯ ಮೇಲೆ ಖರ್ಚು ಮಾಡಬೇಡಿ.

“ಎರಡೂ ಅದೇ ರೀ” ಅನ್ನುವವರಿಗೆ

ಅಂಗಡಿಯಲ್ಲಿ ಈ ಮಾತು ಕೇಳುತ್ತೀರಿ. ಅರ್ಧ ನಿಜ, ಅದಕ್ಕೇ ಹೆಚ್ಚು ಅಪಾಯ. ಭತ್ತದ ಕಾಂಡಕೊರಕಕ್ಕೆ ಹೊಡೆಯುವ ಫಿಪ್ರೊನಿಲ್ ಅನ್ನೇ ನಾಯಿಯ ಚಿಗಟಕ್ಕೂ ಕೊಡುತ್ತಾರೆ, ಹೌದು. ಆದರೆ ಭತ್ತದ ಬಾಟಲಿಯಲ್ಲಿ ಅದು 5%. ನಾಯಿಯ ಸ್ಪ್ರೇಯಲ್ಲಿ 0.25%. ಇಪ್ಪತ್ತು ಪಟ್ಟು ವ್ಯತ್ಯಾಸ.

“ನೀರು ಬೆರೆಸಿದರೆ ಆಯಿತಲ್ಲ” ಅಂದರೆ, ಆಗುವುದಿಲ್ಲ. ಬೆಳೆಯ ಬಾಟಲಿಯಲ್ಲಿ ಬೆರೆಸಿದ ಉಳಿದ ರಾಸಾಯನಿಕಗಳು ಎಲೆಗೆಂದು ಹಾಕಿದವು, ಚರ್ಮಕ್ಕೆ ಅಲ್ಲ. ಮುಚ್ಚಳ ಎಂಬುದು ಅಳತೆಯೂ ಅಲ್ಲ. ನಾಯಿಗೆ ಔಷಧಿ ಕೊಡುವುದು ಅದರ ತೂಕ ನೋಡಿ, ವಯಸ್ಸು ನೋಡಿ. ಮರಿಗೆ, ಗಬ್ಬದ ನಾಯಿಗೆ ಲೆಕ್ಕವೇ ಬೇರೆ. ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ಕೆಲವು ಸಲ ಬೆಕ್ಕು ಸಾಯುತ್ತದೆ. ಸೀಮೆಎಣ್ಣೆಯೂ ಬೇಡ, ಚರ್ಮ ಸುಡುತ್ತದೆ.

ಚಿಗಟ ಇರುವುದು ನಾಯಿ ಮಲಗುವ ಜಾಗದಲ್ಲಿ

ಇಷ್ಟೆಲ್ಲ ವಿಷ ಸುರಿದರೂ ಹದಿನೈದು ದಿನಕ್ಕೆ ಚಿಗಟ ಮತ್ತೆ ಬರುತ್ತವೆ. ಯಾಕೆ?

ಮೊದಲು, ಅದು ಚಿಗಟವೋ ಉಣ್ಣಿಯೋ ನೋಡಿ. ನಾವು ಎರಡಕ್ಕೂ ಹುಳ ಅಂದುಬಿಡುತ್ತೇವೆ. ಉಣ್ಣಿ ಕಚ್ಚಿ ಹಿಡಿದು ರಕ್ತ ಕುಡಿದು ಉಬ್ಬುತ್ತದೆ, ಜಿಗಿಯುವುದಿಲ್ಲ. ಚಿಗಟ ಕಂದು ಬಣ್ಣದ್ದು, ಕೂದಲ ನಡುವೆ ಸರ್ರನೆ ಓಡುತ್ತದೆ, ಜಿಗಿಯುತ್ತದೆ. ಗುರುತು ಸಿಗದಿದ್ದರೆ ಸಣ್ಣ ಹಲ್ಲಿನ ಹಣಿಗೆಯಿಂದ ನಾಯಿಯ ಮೈ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ಚಿಗಟದ ಹೇಲು, ಅಂದರೆ ನಿಮ್ಮ ನಾಯಿಯ ರಕ್ತ.

ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಆ ಮೊಟ್ಟೆ ನಾಯಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಎಲ್ಲಿ ಮಲಗುತ್ತದೋ ಅಲ್ಲಿ ಉದುರುತ್ತದೆ: ಕೊಟ್ಟಿಗೆಯ ಮೂಲೆ, ಹಳೆಯ ಗೋಣಿಚೀಲ, ಹುಲ್ಲಿನ ಬಣವೆಯ ಬುಡ, ಟ್ರ್ಯಾಲಿಯ ಕೆಳಗಿನ ಮಣ್ಣು. ಅಲ್ಲೇ ಮರಿಹುಳ ಆಗಿ, ಗೂಡು ಕಟ್ಟಿ, ಧೂಳು ಹೊದ್ದು ಕೂರುತ್ತದೆ. 100ರಲ್ಲಿ ಸುಮಾರು 5 ಮಾತ್ರ ನಾಯಿಯ ಮೈಮೇಲೆ, ಉಳಿದ 95 ನೆಲದಲ್ಲಿ. ನಾವು ಆ 5ಕ್ಕೆ ವಿಷ ಹಾಕುತ್ತೇವೆ.

ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯುತ್ತದೆ. ಹೆಜ್ಜೆಯ ಸದ್ದು, ಮೈಯ ಬಿಸಿ ತಟ್ಟಿದಾಗ ಹೊರಗೆ ಬರುತ್ತದೆ. ಗುಳೆ ಹೋಗಿ ತಿಂಗಳಾನುಗಟ್ಟಲೆ ಬೀಗ ಹಾಕಿದ್ದ ಮನೆಗೆ ವಾಪಸ್ ಬಂದಾಗ ಕಾಲಿಗೆ ಮುತ್ತಿಕೊಂಡು ಕಚ್ಚುವುದು ಇದೇ.

ಮಾಡಬೇಕಾದ್ದು

ನಾಯಿಗೆ ಮೈಸೋಪು ಸಾಕು. ಮೊದಲು ಕುತ್ತಿಗೆಯ ಸುತ್ತ ದಪ್ಪ ನೊರೆ ಮಾಡಿ, ಇಲ್ಲದಿದ್ದರೆ ಚಿಗಟ ಕಿವಿ, ಕಣ್ಣಿನ ಕಡೆ ಓಡುತ್ತವೆ. ಆಮೇಲೆ ಮೈಗೆಲ್ಲ ನೊರೆ ಹಚ್ಚಿ ಐದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹಣಿಗೆಯಿಂದ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಮುಳುಗಿ ಸಾಯುತ್ತವೆ.

ಅದೇ ದಿನ ಅದು ಮಲಗುವ ಜಾಗವನ್ನೂ ಮಾಡಬೇಕು. ಗೋಣಿಚೀಲವನ್ನು ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಹಾಕಿ, ತೀರಾ ಹಳೆಯದಾದರೆ ಸುಟ್ಟುಬಿಡಿ. ಮೂಲೆಯ ಧೂಳು, ಹುಲ್ಲಿನ ಕಸ ಗುಡಿಸಿ ತೆಗೆಯಿರಿ. ಮರಿಹುಳಕ್ಕೆ ನೆರಳು, ತೇವ ಬೇಕು. ನಮ್ಮ ರಾಯಚೂರು ಬಿಸಿಲು ಅದಕ್ಕೆ ಆಗುವುದಿಲ್ಲ. ಪುಕ್ಕಟೆ ಸಿಗುವ ಈ ಬಿಸಿಲನ್ನು ಕೊಟ್ಟಿಗೆಯ ಒಳಗೆ ಬಿಡಿ.

ಒಂದು ಸಲ ಮಾಡಿ ಬಿಟ್ಟರೆ ಕೆಲಸ ಆಗದು. ಗೂಡಿನಿಂದ ಹೊಸವು ಬರುತ್ತಲೇ ಇರುತ್ತವೆ. ವಾರಕ್ಕೊಮ್ಮೆಯಂತೆ ಎರಡು ಮೂರು ತಿಂಗಳು ಮಾಡಿ. ಮನೆಯಲ್ಲಿ ಎರಡು ನಾಯಿ, ಒಂದು ಬೆಕ್ಕು ಇದ್ದರೆ ಎಲ್ಲಕ್ಕೂ ಒಟ್ಟಿಗೇ ಆಗಬೇಕು. ಇಷ್ಟಕ್ಕೂ ಕಡಿಮೆ ಆಗದಿದ್ದರೆ ಪಶು ಆಸ್ಪತ್ರೆಗೆ ಹೋಗಿ, ನಾಯಿಯ ತೂಕ ಹೇಳಿ ಔಷಧಿ ಬರೆಸಿಕೊಳ್ಳಿ. ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರ್ ಇದೆ, ಕರೆ ಮಾಡಿ ಕೇಳಿ.

ಗೊತ್ತಿಲ್ಲದೆ ಯಾರಾದರೂ ಹೊಲದ ವಿಷ ಹಚ್ಚಿಬಿಟ್ಟಿದ್ದರೆ ಜೊಲ್ಲು ಬರುವ ತನಕ ಕಾಯಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸೋಪು, ನೀರಿನಿಂದ ಮತ್ತೆ ಮತ್ತೆ ತೊಳೆಯಿರಿ. ಹಾಲು, ಎಣ್ಣೆ ಕುಡಿಸಬೇಡಿ. ಡಬ್ಬಿಯ ಸಮೇತ ವೈದ್ಯರ ಹತ್ತಿರ ಓಡಿ. ಯಾವ ವಿಷ ಎಂದು ತಿಳಿದರೆ ಅದಕ್ಕೆ ತಕ್ಕ ಇಂಜೆಕ್ಷನ್ ಕೊಡುತ್ತಾರೆ. ನಾವು ಆ ಹೊತ್ತನ್ನು “ತಾನಾ ಸರಿ ಹೋಗ್ತದ” ಎಂದು ಕಳೆದೆವು.

“ಬೀದ್ಯಾಗ ತಿರುಗೋ ನಾಯಿಗೆ ಇಷ್ಟೆಲ್ಲಾ ಯಾರು ಮಾಡ್ತಾರ?”

ಈ ಪ್ರಶ್ನೆ ನನಗೂ ಬಂದಿದೆ. ಕೂಲಿ ಬಿಟ್ಟು ನಾಯಿ ತೊಳೆಯುತ್ತಾ ಕೂರಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಇದು ಬರೀ ನಾಯಿಯ ಮಾತಲ್ಲ. ಚಿಗಟದಲ್ಲಿ ಲಾಡಿಹುಳದ ಮರಿ ಇರಬಹುದು. ನಾಯಿಯ ಗುದದ ಹತ್ತಿರ ಅಕ್ಕಿಕಾಳಿನಂಥ ತುಣುಕು ಕಂಡರೆ ಅದೇ. ಅಂಥ ಚಿಗಟ ಆಟವಾಡುವ ಮಗುವಿನ ಬಾಯಿಗೆ ಹೋದರೆ ಮಗುವಿಗೂ ಆ ಹುಳ ಬರುತ್ತದೆ. ನಾಯಿಮರಿಗಳಂತೂ ಚಿಗಟ ಹೆಚ್ಚಾದರೆ ರಕ್ತ ಕಳೆದುಕೊಂಡೇ ಸಾಯುತ್ತವೆ. ಇನ್ನು ವಿಷ ಹಚ್ಚಿದ ನಾಯಿ ಮಲಗುವುದು ನಮ್ಮ ಹೊಸ್ತಿಲಲ್ಲೇ, ಅದನ್ನು ಮುಟ್ಟುವುದು ನಮ್ಮ ಮಕ್ಕಳೇ.

ಕೇಳಬೇಕಾದವರನ್ನೂ ಕೇಳೋಣ. ಹಂಗಾಮಿನ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ಕೊಡುವಾಗ “ಈ ವಿಷ ದನಕ್ಕೂ ನಾಯಿಗೂ ಹಚ್ಚಬೇಡಿ” ಎಂಬ ಒಂದು ಬೋರ್ಡ್ ಹಾಕಲು ಎಷ್ಟು ಖರ್ಚು? ಹುಚ್ಚುನಾಯಿ ರೋಗದ ಲಸಿಕೆ ಹಾಕಲು ಊರಿಗೆ ಬರುವ ಪಶುವೈದ್ಯ ಸಿಬ್ಬಂದಿ ಚಿಗಟದ ಬಗ್ಗೆ ಎರಡು ಮಾತು ಹೇಳಿ ಹೋದರೆ ಸಾಕು. ನಾಯಿ ಹಿಡಿದುಕೊಂಡ ಜನ ಎದುರಿಗೇ ನಿಂತಿರುತ್ತಾರೆ. ಮಾರುವ ಅಂಗಡಿಯವರು “ಯಾವುದಕ್ಕೆ?” ಎಂದು ಒಂದು ಸಲ ಕೇಳಲಿ.

ನಮ್ಮ ಮನೆಯಲ್ಲಿ ಈಗ ಇನ್ನೊಂದು ಮರಿ ಇದೆ. ಭಾನುವಾರ ಅದರ ಗೋಣಿಚೀಲ ಬಿಸಿಲಿಗೆ ಬೀಳುತ್ತದೆ. ಹೊಲದ ಡಬ್ಬಿಗಳು ಕೊಟ್ಟಿಗೆಯಿಂದ ಬೀಗ ಹಾಕಿದ ಪೆಟ್ಟಿಗೆಗೆ ಹೋಗಿವೆ. ಪೆಟ್ಟಿಗೆಯ ಮೇಲೆ ಅಣ್ಣನ ಮಗಳು ಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಾಳೆ: ವಿಷ. ಅದರ ಸರಿಯಾದ ಹೆಸರು ಅದೇ.