ಕಂಪೆನಿಗೆ 90 ಸಾವಿರ ಕೋಟಿ, ಕಂಬ ಹತ್ತುವವನಿಗೆ ಚಪ್ಪಾಳೆ

2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಪ್ರಧಾನಿಯ ಮಾತಿನಂತೆ ಜನ ದೀಪ ಆರಿಸಿ ಹಣತೆ ಹಚ್ಚಿದರು. ಆ ಒಂಬತ್ತು ನಿಮಿಷಗಳ ಉತ್ಸವಕ್ಕೆ ದೇಶದ ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿಯಿತು. ಗ್ರಿಡ್ ಮಾತ್ರ ಕುಸಿಯಲಿಲ್ಲ. ಜಲವಿದ್ಯುತ್ ಘಟಕಗಳನ್ನು ತಗ್ಗಿಸಿ, ಮತ್ತೆ ಏರಿಸಿ ಅದನ್ನು ಹಿಡಿದು ನಿಲ್ಲಿಸಿದವರು ನಿಯಂತ್ರಣ ಕೊಠಡಿಗಳಲ್ಲಿ, ಸ್ಥಾವರಗಳಲ್ಲಿ ಎಚ್ಚರವಿದ್ದ ನೌಕರರು. ಅವರನ್ನು ಹೊಗಳಿದ್ದಾಯಿತು. ಹಣ?

ಹಣವೂ ಬಂತು. ಮೇ 13ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ವಿದ್ಯುತ್ ಕ್ಷೇತ್ರಕ್ಕೆ 90,000 ಕೋಟಿ ರೂಪಾಯಿ ಘೋಷಿಸಿದರು. ಬಳಿಕ ಅದು ಲಕ್ಷ ಕೋಟಿಯನ್ನೂ ದಾಟಿತು. ಅದರ ಹೆಸರು ಪರಿಹಾರ, ಸ್ವರೂಪ ಸಾಲ. ಕೊಡುವವರು ಪವರ್ ಫೈನಾನ್ಸ್ ಕಾರ್ಪೊರೇಶನ್ ಮತ್ತು ಆರ್‌ಇಸಿ, ಜಾಮೀನು ರಾಜ್ಯ ಸರಕಾರಗಳದ್ದು. ವಿತರಣಾ ಕಂಪೆನಿಗಳು ಆ ದುಡ್ಡಿನಲ್ಲಿ ಉತ್ಪಾದನಾ ಕಂಪೆನಿಗಳ ಬಾಕಿ ತೀರಿಸಬೇಕು, ಅಷ್ಟೆ. ಲೈನ್‌ಮನ್‌ಗಾಗಲಿ, ಬೂದಿ ಹೊರುವ ಗುತ್ತಿಗೆಯವನಿಗಾಗಲಿ ಅದರಲ್ಲಿ ಒಂದು ಸಾಲು ಇರಲಿಲ್ಲ.

ಬಾಕಿ ತೀರದಿದ್ದರೆ ಸ್ಥಾವರ ನಿಲ್ಲುತ್ತದೆ, ಕಾರ್ಮಿಕನ ಕೆಲಸವೂ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಒಪ್ಪೋಣ. ಹಾಗಾದರೆ ಗುತ್ತಿಗೆ ಕಾರ್ಮಿಕರ ಸಂಬಳ ಮೊದಲು, ಉಳಿದದ್ದು ಆಮೇಲೆ ಎಂಬ ಷರತ್ತು ಹಾಕಲು ಏನು ಅಡ್ಡಿಯಿತ್ತು? ಷರತ್ತು ಹಾಕುವುದು ದಿಲ್ಲಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಉತ್ಪಾದನಾ ಕಂಪೆನಿಗಳು ಕೊಡುವ ರಿಯಾಯಿತಿಯನ್ನು ಕೈಗಾರಿಕೆಗಳಿಗೆ ದಾಟಿಸಬೇಕೆಂದು ಅದೇ ಘೋಷಣೆಯಲ್ಲಿತ್ತು! ಕೈಗಾರಿಕೆ ನೆನಪಾಯಿತು, ಕೈ ನೆನಪಾಗಲಿಲ್ಲ. ಲಾಕ್‌ಡೌನ್ ಕಾಲದ ಸಂಬಳ ಕಡಿಯಬಾರದೆಂದು ಮಾರ್ಚ್ 29ರಂದು ಹೊರಡಿಸಿದ್ದ ಆದೇಶವೂ ಮೇ 18ರಿಂದ ಇಲ್ಲವಾಯಿತು.

ಕೆನಡಾದಲ್ಲೂ ಆಗ ತೈಲ ಉದ್ಯಮ ನೆಲಕಚ್ಚಿತ್ತು. ಪಾಳುಬಿದ್ದ ತೈಲಬಾವಿಗಳನ್ನು ಶುಚಿಗೊಳಿಸುವ ಕೆಲಸ ಕೊಡಲು ಅಲ್ಲಿನ ಸರಕಾರ ಏಪ್ರಿಲ್ 17ರಂದು 170 ಕೋಟಿ ಡಾಲರ್ ಘೋಷಿಸಿತು. ಕಂಪೆನಿಗಳು ಮಾಡಿದ ಹೊಲಸನ್ನು ಜನರ ತೆರಿಗೆಯಲ್ಲಿ ತೊಳೆಯುವುದೇ ಎಂಬ ಆಕ್ಷೇಪ ಅಲ್ಲೇ ಎದ್ದಿತು, ನ್ಯಾಯವಾದ ಆಕ್ಷೇಪ. ಆದರೂ ಆದಾಯ ಕುಸಿದ ಉದ್ಯಮಗಳ ನೌಕರರ ಸಂಬಳದಲ್ಲಿ ಶೇ. 75ರವರೆಗೆ, ವಾರಕ್ಕೆ 847 ಡಾಲರ್ ಮೀರದಂತೆ, ಸರಕಾರವೇ ಭರಿಸುವ ಯೋಜನೆಯೂ ಜೊತೆಗಿತ್ತು. ಅಲ್ಲಿ ಲೆಕ್ಕ ತಲೆಗೆ ಇಷ್ಟೆಂದು ನಡೆಯಿತು. ನಮ್ಮಲ್ಲಿ ಬಾಕಿ ಬಿಲ್ಲಿಗೆ ಇಷ್ಟೆಂದು.

ತಮಿಳುನಾಡಿನ ನೈವೇಲಿಯ ಉಷ್ಣ ಸ್ಥಾವರದಲ್ಲಿ ಅದೇ ವರ್ಷ ಮೇ 7ರಂದು, ಮತ್ತೆ ಜುಲೈ 1ರಂದು ಬಾಯ್ಲರ್ ಸಿಡಿಯಿತು. ಸತ್ತವರಲ್ಲಿ ಗುತ್ತಿಗೆ ಕಾರ್ಮಿಕರಿದ್ದರು. ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿ ವಿಮೆ ಕೊಟ್ಟಿತ್ತು, ಸರಿಯಾಗಿಯೇ. ಅವರ ಆಸ್ಪತ್ರೆಗಳ ವೆಂಟಿಲೇಟರ್ ನಿಲ್ಲದಂತೆ ನೋಡಿಕೊಂಡ ವಿದ್ಯುತ್ ಕೆಲಸಗಾರರು ಆ ಯೋಜನೆಯಲ್ಲಿ ಇರಲಿಲ್ಲ.